ಬಿಳಿ ಗೆರೆಯ ಈಚೆ ಕೂತವರು

ಪ್ರತಿ ರಾತ್ರಿ ಶೋ ಮುಗಿದ ಮೇಲೆ ನಾನು ಒಂದು ರಿಪೋರ್ಟ್ ಬರೆಯಬೇಕು. ಸ್ಟೇಜ್ ಮ್ಯಾನೇಜರ್ ಕೆಲಸದಲ್ಲಿ ಅದೂ ಒಂದು ಭಾಗ. ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು, ಯಾರ ಕಾಲು ಉಳುಕಿತು, ಯಾವ ಲೈಟ್ ಕೈಕೊಟ್ಟಿತು. ಕಡೆಯಲ್ಲಿ ಒಂದು ಸಾಲು: ಜನ ಹೇಗಿದ್ದರು? ಬೇರೆ ನಾಟಕಗಳಲ್ಲಿ ಆ ಜಾಗದಲ್ಲಿ ‘ಚೆನ್ನಾಗಿ ನಕ್ಕರು’, ‘ಸ್ವಲ್ಪ ಮಂಕಾಗಿದ್ದರು’ ಅಂತ ಬರೆದು ಮುಗಿಸುತ್ತಿದ್ದೆ. ‘ಎ ಕೋರಸ್ ಲೈನ್’ ಎಂಬ ಹಾಡು-ಕುಣಿತದ ನಾಟಕ ಮಾಡುವಾಗ ಆ ಒಂದು ಸಾಲು ಬೆಳೆದು ಒಂದು ಪುಟವಾಯಿತು.

ನಾನು ಕೆಲಸ ಮಾಡುವುದು ಅಮೆರಿಕದ ಒಂದು ಪ್ರಾದೇಶಿಕ ರಂಗಮಂದಿರದಲ್ಲಿ. ಇಲ್ಲಿಗೆ ಬರುವವರಲ್ಲಿ ಬಹಳ ಮಂದಿ ಇಡೀ ಸೀಸನ್ನಿನ ಟಿಕೆಟ್ ಒಟ್ಟಿಗೆ ಕೊಂಡವರು. ವರ್ಷವರ್ಷವೂ ಅದೇ ಸೀಟು, ಅದೇ ಅಕ್ಕಪಕ್ಕದವರು. ವಯಸ್ಸಾದವರೇ ಜಾಸ್ತಿ. ಅವರಲ್ಲಿ ಕೆಲವರು ಈ ನಾಟಕವನ್ನು ನ್ಯೂಯಾರ್ಕ್‌ನಲ್ಲೇ ನೋಡಿದ್ದವರು. 1975ರ ಜುಲೈನಲ್ಲಿ ಶೂಬರ್ಟ್ ಥಿಯೇಟರಿನಲ್ಲಿ ಶುರುವಾದದ್ದು 1990ರ ಏಪ್ರಿಲ್‌ವರೆಗೆ ನಡೆಯಿತು. ಒಟ್ಟು 6,137 ಪ್ರದರ್ಶನ. ಅಷ್ಟು ದಿನ ಓಡಿದ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ ಅಲ್ಲಿಯವರೆಗೆ ಇನ್ನೊಂದಿರಲಿಲ್ಲ. ಹಾಗಾಗಿ ನಮ್ಮ ಲಾಬಿಯಲ್ಲಿ ದಿನಾ ಒಬ್ಬರಾದರೂ ‘ನಾನು ಆಗ ನೋಡಿದ್ದೆ’ ಅನ್ನುವವರು ಸಿಗುತ್ತಿದ್ದರು.

ನೋಡದವರಿಗಾಗಿ ಎರಡು ಮಾತು. ಒಂದು ಖಾಲಿ ರಂಗ. ನೆಲದ ಮೇಲೆ ಒಂದು ಬಿಳಿ ಗೆರೆ. ಹಿಂದೆ ಕನ್ನಡಿಗಳು. ಹೊಸ ಶೋ ಒಂದರ ಹಿಂದಿನ ಸಾಲಿನಲ್ಲಿ ಕುಣಿಯುವ ಕೆಲಸಕ್ಕೆ ಡ್ಯಾನ್ಸರ್‌ಗಳು ಬಂದಿದ್ದಾರೆ. ಮೊದಲ ಸುತ್ತಿನಲ್ಲಿ ಹಲವರು ಹೋಗಿ ಹದಿನೇಳು ಮಂದಿ ಗೆರೆಯ ಮೇಲೆ ಉಳಿಯುತ್ತಾರೆ. ಬೇಕಾಗಿರುವುದು ಎಂಟು ಮಂದಿ. ಝ್ಯಾಕ್ ಎಂಬ ನಿರ್ದೇಶಕ ಅವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತಾನೆ. ಅಷ್ಟೇ ಕಥೆ. ಇಂಟರ್‌ವಲ್ ಇಲ್ಲ, ಸುಮಾರು ಎರಡು ಗಂಟೆ.

ಇದನ್ನು ಕಟ್ಟಿದ್ದು ಮೈಕೆಲ್ ಬೆನೆಟ್. 1974ರ ಜನವರಿಯಲ್ಲಿ ಒಂದಷ್ಟು ಡ್ಯಾನ್ಸರ್‌ಗಳನ್ನು ಕೂರಿಸಿಕೊಂಡು ರಾತ್ರಿಯಿಡೀ ಅವರ ಬದುಕಿನ ಮಾತುಗಳನ್ನು ಟೇಪ್ ಮಾಡಿದ್ದರು. ನಾಟಕ ಹುಟ್ಟಿದ್ದು ಆ ಟೇಪುಗಳಿಂದ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ನನ್ನ ಜಾಗ ಹಾಲ್‌ನ ಹಿಂದುಗಡೆ ಎತ್ತರದಲ್ಲಿರುವ ಗಾಜಿನ ಬೂತ್. ಹೆಡ್‌ಸೆಟ್ ಹಾಕಿಕೊಂಡು ಲೈಟು, ಸೌಂಡು, ಕನ್ನಡಿಗಳ ತಿರುಗು, ಎಲ್ಲ ಬದಲಾವಣೆಗೂ (ಅದಕ್ಕೆ ಕ್ಯೂ ಅನ್ನುತ್ತೇವೆ) ‘ಗೋ’ ಹೇಳುವವಳು ನಾನು. ಬೂತ್‌ಗೆ ರಂಗದ ಮೇಲಿನ ಮೈಕಿನ ಸದ್ದು ಮಾತ್ರ ಬರುತ್ತದೆ. ಜನ ಕೆಮ್ಮುವುದು, ಮಿಸುಕಾಡುವುದು, ಉಸಿರು ಬಿಗಿಹಿಡಿಯುವುದು ಬಹುಪಾಲು ಗಾಜಿನಾಚೆಯೇ ಉಳಿಯುತ್ತದೆ. ಮೊದಲ ಪ್ರಿವ್ಯೂ (ಅಧಿಕೃತ ಆರಂಭಕ್ಕೆ ಮೊದಲು ಜನರೆದುರು ಮಾಡುವ ಶೋ) ದಿನವೇ ಇದು ಸಾಲದು ಅನ್ನಿಸಿತು. ಎರಡನೇ ದಿನದಿಂದ ಬೂತ್‌ನ ಕಿಟಕಿ ಸರಿಸಿ, ಹೆಡ್‌ಸೆಟ್ಟನ್ನು ಒಂದೇ ಕಿವಿಗೆ ಹಾಕಿಕೊಂಡೆ. ಒಂದು ಕಿವಿ ಕೆಲಸಗಾರರಿಗೆ, ಇನ್ನೊಂದು ಜನರಿಗೆ. ಆಮೇಲೆ ನಾನು ಕಲಿತದ್ದೆಲ್ಲ ಆ ಇನ್ನೊಂದು ಕಿವಿಯಿಂದ.

ಮೊದಲು ಕಂಡದ್ದು ತಲೆಗಳು. ಆರಂಭದ ಕುಣಿತ ಆದ ಮೇಲೆ ಝ್ಯಾಕ್ ರಂಗದಿಂದಿಳಿದು ಹಾಲ್‌ನ ಹಿಂದಕ್ಕೆ ಬರುತ್ತಾನೆ. ನಮ್ಮಲ್ಲಿ ಕೊನೆಯ ಸಾಲಿನ ಹಿಂದೆ ಒಂದು ಪುಟ್ಟ ಮೇಜು, ದೀಪ ಇಟ್ಟಿದ್ದೆವು. ಅಲ್ಲಿಂದ ಅವನ ದನಿ ಬಂದ ಕೂಡಲೇ ಅಷ್ಟೂ ತಲೆಗಳು ಹಿಂದಕ್ಕೆ ತಿರುಗುತ್ತಿದ್ದವು. ಎರಡು ಮೂರು ಸಲ ತಿರುಗಿ, ಆಮೇಲೆ ಸುಮ್ಮನಾಗುತ್ತಿದ್ದವು. ಆ ಹೊತ್ತಿಗೆ ಜನ ಪರೀಕ್ಷೆ ಮಾಡುವವನ ಕಡೆ ಕೂತವರಾಗಿರುತ್ತಾರೆ. ಅವನ ದನಿ ಅವರ ಬೆನ್ನ ಹಿಂದಿನಿಂದ ಬರುತ್ತದೆ, ಅವರ ಕಣ್ಣೆದುರು ಗೆರೆಯ ಮೇಲೆ ನಿಂತವರಿದ್ದಾರೆ. ನಿಂತವರನ್ನು ನೋಡನೋಡುತ್ತಾ ಕೂತವರೂ ಅವರನ್ನು ಅಳೆಯತೊಡಗುತ್ತಾರೆ. ಇವಳು ಪಾಸಾಗಬಹುದು, ಇವನು ಕಷ್ಟ ಅಂತ ಪಿಸುಗುಟ್ಟುತ್ತಾರೆ. ಮ್ಯಾಟಿನಿಗಳಲ್ಲಿ ಆ ಪಿಸುಮಾತು ನನ್ನ ಕಿಟಕಿಯವರೆಗೂ ಬರುತ್ತಿತ್ತು.

ನಗುವಿನ ವಿಷಯ ಹೇಳಬೇಕು. ವ್ಯಾಲ್ ಎಂಬ ಹುಡುಗಿಗೆ ಒಂದು ಹಾಡಿದೆ. ಎಷ್ಟು ಚೆನ್ನಾಗಿ ಕುಣಿದರೂ ರೂಪಕ್ಕೆ ಅಂಕ ಸಿಗದೆ, ಕೊನೆಗೆ ಡಾಕ್ಟರ್ ಬಳಿ ಹೋಗಿ ಮೈ ತಿದ್ದಿಸಿಕೊಂಡೆ ಅನ್ನುವ ಹಾಡು. 1975ರ ಪ್ರಿವ್ಯೂಗಳಲ್ಲಿ ಅದಕ್ಕೆ ನಗುವೇ ಬರಲಿಲ್ಲವಂತೆ. ಕಾರಣ ಹುಡುಕಿದರೆ, ಹಾಡಿನ ಪಂಚ್ ಮಾತೇ ಅದರ ಹೆಸರಾಗಿತ್ತು. ಪ್ರೋಗ್ರಾಮ್ ಪುಸ್ತಕದಲ್ಲಿ ಜನ ಅದನ್ನು ಮೊದಲೇ ಓದಿಬಿಟ್ಟಿದ್ದರು. ಹೆಸರನ್ನು ‘ಡ್ಯಾನ್ಸ್: ಟೆನ್, ಲುಕ್ಸ್: ತ್ರೀ’ ಅಂತ ಬದಲಾಯಿಸಿದರು, ನಗು ಬಂತು. ನಮ್ಮಲ್ಲಿ ತೊಂದರೆ ಬೇರೆ ಥರದ್ದು. ಹಾಡು ಗೊತ್ತಿದ್ದ ಹಿರಿಯರು ಆ ಮಾತು ಬರುವ ಮೊದಲೇ ನಗುತ್ತಿದ್ದರು. ಗೊತ್ತಿಲ್ಲದ ಹುಡುಗರಿಗೆ ಆ ನಗುವಿನಲ್ಲಿ ಮಾತೇ ಕೇಳುತ್ತಿರಲಿಲ್ಲ. ನಮ್ಮ ನಟಿ ಅದಕ್ಕೆ ತಾನೇ ದಾರಿ ಕಂಡುಕೊಂಡಳು. ಆ ಮಾತಿನ ಮುಂಚೆ ಹಿರಿಯರು ಕೂತ ಕಡೆ ತಿರುಗಿ ಬೆರಳು ತುಟಿಗೆ ಇಟ್ಟಂತೆ ಒಂದು ನೋಟ ನೋಡುತ್ತಿದ್ದಳು. ಅವರು ಗುಟ್ಟು ಕಾಪಾಡುವವರ ಹಾಗೆ ಸುಮ್ಮನಾಗುತ್ತಿದ್ದರು. ಆಮೇಲೆ ಇಡೀ ಹಾಲ್ ಒಟ್ಟಿಗೆ ನಗುತ್ತಿತ್ತು. ಅದನ್ನು ನಾನು ರಿಪೋರ್ಟಿನಲ್ಲಿ ದಿನಾ ಖುಷಿಯಿಂದ ಬರೆದೆ.

ಈಗ ಆ ಹದಿನೇಳು ಮಂದಿಯಲ್ಲಿ ಒಬ್ಬನಾದ ಪಾಲ್ ಬಗ್ಗೆ. ನಾಟಕದ ಮುಕ್ಕಾಲು ಪಾಲು ಕಳೆದ ಮೇಲೆ ಪಾಲ್ ಒಬ್ಬನೇ ರಂಗದ ಮೇಲೆ ಉಳಿಯುತ್ತಾನೆ. ಹಾಡಿಲ್ಲ, ಕುಣಿತವಿಲ್ಲ, ಹಿನ್ನೆಲೆಯಲ್ಲಿ ಒಂದು ತಂತಿಯ ಸದ್ದೂ ಇಲ್ಲ. ಹೆಣ್ಣುವೇಷದವರ ಶೋ ಒಂದರಲ್ಲಿ ಕೆಲಸಕ್ಕೆ ಸೇರಿದ್ದು, ಆ ವೇಷದಲ್ಲಿದ್ದಾಗಲೇ ಅಪ್ಪ ಅಮ್ಮ ನೋಡಿದ್ದು, ಅಪ್ಪ ಅಲ್ಲಿನ ಯಜಮಾನನಿಗೆ ‘ನನ್ನ ಮಗನನ್ನು ನೋಡಿಕೊಳ್ಳಿ’ ಅಂದದ್ದು. ಅಪ್ಪ ಅವನನ್ನು ‘ಮಗ’ ಅಂತ ಕರೆದದ್ದೇ ಆಗ. ಹಲವು ನಿಮಿಷಗಳ ಬರೀ ಮಾತು.

ಮೊದಲ ಪ್ರಿವ್ಯೂನಲ್ಲಿ ಆ ಮೌನದಲ್ಲಿ ನಮಗೆ ಕೇಳಿದ್ದು ಲೈಟುಗಳ ಫ್ಯಾನಿನ ಗೊರಗೊರ. ಮೇಲೆ ನೇತುಹಾಕಿದ ಮೂವಿಂಗ್ ಲೈಟುಗಳಿಗೆ ಒಳಗೇ ಫ್ಯಾನ್ ಇರುತ್ತದೆ. ಹಾಡಿನ ನಡುವೆ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲಿ ಮಳೆ ಸುರಿದಂತೆ ಕೇಳುತ್ತಿತ್ತು. ಆ ರಾತ್ರಿಯೇ ಲೈಟಿನವರ ಜೊತೆ ಕೂತು, ಆ ದೃಶ್ಯಕ್ಕೆ ಬೇಡದ ಲೈಟುಗಳನ್ನು ಮೊದಲೇ ಆರಿಸಿ ಫ್ಯಾನ್ ತಣ್ಣಗಾಗುವ ಹಾಗೆ ಕ್ಯೂ ಬದಲಾಯಿಸಿದೆವು. ಪಾಲ್ ಮೇಲಿನ ಬೆಳಕಿಗೆ ಸದ್ದಿಲ್ಲದ ಹಳೆಯ ದೀಪ ಬಳಸಿದೆವು. ಮಾರನೆಯ ದಿನ ಫ್ಯಾನ್ ಸದ್ದಿಲ್ಲ. ಜನರೂ ಕೆಮ್ಮಲಿಲ್ಲ. ಹಿಂದಿನ ದಿನ ಅಷ್ಟೊಂದು ಕೆಮ್ಮು ಯಾಕಿತ್ತು ಅಂತ ನನಗೆ ಆಗ ಅರ್ಥವಾಯಿತು. ಹಾಲ್‌ನಲ್ಲಿ ಸದ್ದಿದ್ದರೆ ಜನರೂ ಸದ್ದು ಮಾಡುತ್ತಾರೆ. ಪೂರ್ತಿ ನಿಶ್ಶಬ್ದ ಕೊಟ್ಟರೆ ಅದನ್ನು ಒಡೆಯಲು ಅವರಿಗೆ ಮನಸ್ಸಾಗುವುದಿಲ್ಲ.

ಮಾತು ಮುಗಿದ ಮೇಲೆ ಝ್ಯಾಕ್ ಹಿಂದಿನಿಂದ ನಡೆದು ರಂಗಕ್ಕೆ ಹೋಗಿ ಪಾಲ್‌ನ ಭುಜದ ಮೇಲೆ ಕೈ ಹಾಕುತ್ತಾನೆ. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮೂರನೇ ದಿನ, ಮುಂದಿನ ಕ್ಯೂಗೆ ‘ಗೋ’ ಬೇಗ ಹೇಳಿಬಿಟ್ಟೆ. ಬರೀ ಎರಡು ಸೆಕೆಂಡ್. ಬೆಳಕು ಹರಡಿತು. ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರು ಗಡಬಡಿಸಿ ಕೈ ಕೆಳಗಿಳಿಸಿದ್ದು ಬೂತ್‌ನಿಂದಲೇ ಕಂಡಿತು. ಅವರು ಕತ್ತಲಲ್ಲಿ ಅಳುತ್ತಿದ್ದರು, ನಾನು ದೀಪ ಹಚ್ಚಿಬಿಟ್ಟಿದ್ದೆ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವತ್ತಿನಿಂದ ಆ ಕ್ಯೂಗೆ ನನ್ನ ಕ್ಯೂ ಪುಸ್ತಕದಲ್ಲಿ ಸೆಕೆಂಡ್ ಬರೆಯುವುದನ್ನೇ ಬಿಟ್ಟೆ. ಪೆನ್ಸಿಲ್‌ನಲ್ಲಿ ‘ಮೂಗು ಒರೆಸುವ ಸದ್ದು ನಿಂತ ಮೇಲೆ’ ಅಂತ ಬರೆದುಕೊಂಡೆ.

ಶಾಲಾ ಮಕ್ಕಳ ಮ್ಯಾಟಿನಿ ಬೇರೆಯೇ ಆಗಿತ್ತು. ಪಾಲ್ ಮಾತಿನ ಮೊದಲಲ್ಲೇ ಬಾಲ್ಕನಿಯಲ್ಲಿ ಕಿಸಿಕಿಸಿ ನಗು. ನಟ ಒಂದು ಕ್ಷಣ ನಿಂತ. ಹೆಡ್‌ಸೆಟ್‌ನಲ್ಲಿ ಯಾರೂ ಮಾತಾಡಲಿಲ್ಲ. ಅವನು ದನಿ ಏರಿಸಲಿಲ್ಲ, ಇನ್ನೂ ಇಳಿಸಿದ. ನಗುತ್ತಿದ್ದವರಿಗೆ ಕೇಳಬೇಕಾದರೆ ಸುಮ್ಮನಾಗಲೇಬೇಕಾಯಿತು. ಅಪ್ಪನ ಮಾತು ಬರುವ ಹೊತ್ತಿಗೆ ಬಾಲ್ಕನಿಯೂ ತಣ್ಣಗಾಗಿತ್ತು. ಶೋ ಆದ ಮೇಲೆ ಮಕ್ಕಳ ಜೊತೆ ಮಾತುಕತೆ ಇತ್ತು. ಒಬ್ಬ ಹುಡುಗ ಎದ್ದು ನಿಂತು, ‘ಆ ಅಪ್ಪನ ವಿಷಯ ನಿಜಾನಾ?’ ಅಂತ ಕೇಳಿದ. ನಮ್ಮ ನಿರ್ದೇಶಕಿ ಹೇಳಿದರು: ನಿಜ, ಅದು ನಿಕೋಲಸ್ ಡಾಂಟೆ ಅನ್ನುವ ಡ್ಯಾನ್ಸರ್‌ನ ಕಥೆ, ಆ ಟೇಪಿನ ಗುಂಪಿನಲ್ಲಿ ಅವನೂ ಇದ್ದ, ಆಮೇಲೆ ಈ ನಾಟಕ ಬರೆದ ಇಬ್ಬರಲ್ಲಿ ಒಬ್ಬನಾದ, 1976ರಲ್ಲಿ ಇದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಾಗ ಅವನ ಹೆಸರೂ ಅದರಲ್ಲಿತ್ತು. ಹುಡುಗ ಕೂರಲಿಲ್ಲ. ಇನ್ನೇನೋ ಕೇಳಬೇಕು ಅನ್ನುವ ಹಾಗೆ ನಿಂತೇ ಇದ್ದ. ಕೊನೆಗೆ ‘ಥ್ಯಾಂಕ್ಸ್’ ಅಂದು ಕೂತ.

ನಾಟಕದಲ್ಲಿ ಆ ಮಾತಾದ ಸ್ವಲ್ಪ ಹೊತ್ತಿಗೆ ಪಾಲ್ ಕುಣಿಯುವಾಗ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ನಟನಿಗೇ ಪೆಟ್ಟಾಯಿತು ಅಂತ ಜನ ದಿನಾ ಮೋಸಹೋಗುತ್ತಿದ್ದರು. ಒಂದು ದಿನ ಒಬ್ಬರು ‘ನಾನು ಡಾಕ್ಟರ್’ ಅನ್ನುತ್ತಾ ಸೀಟಿನಿಂದ ಎದ್ದೇಬಿಟ್ಟರು. ನಮ್ಮ ಹುಡುಗಿಯೊಬ್ಬಳು ಹೋಗಿ ಮೆಲ್ಲಗೆ ಕೂರಿಸಿದಳು.

ಆಯ್ಕೆಯ ದೃಶ್ಯದಲ್ಲಿ ಝ್ಯಾಕ್ ಕೆಲವರ ಹೆಸರು ಹೇಳಿ ಒಂದು ಹೆಜ್ಜೆ ಮುಂದೆ ಬರಲು ಹೇಳುತ್ತಾನೆ. ಮುಂದೆ ಬಂದವರು ಗೆದ್ದರು ಅಂದುಕೊಂಡು ಜನ ಚಪ್ಪಾಳೆ ಹೊಡೆಯಲು ಶುರುಮಾಡುತ್ತಾರೆ. ಆದರೆ ಮುಂದೆ ಬಂದವರೇ ಮನೆಗೆ ಹೋಗಬೇಕಾದವರು. ಚಪ್ಪಾಳೆ ಅರ್ಧಕ್ಕೆ ನಿಂತುಹೋಗುತ್ತದೆ. ಆ ಅರ್ಧ ಚಪ್ಪಾಳೆಯಷ್ಟು ನೋವಿನ ಸದ್ದನ್ನು ನಾನು ಯಾವ ಹಾಲ್‌ನಲ್ಲೂ ಕೇಳಿಲ್ಲ. ಗೊತ್ತಿದ್ದವರು ಮಾತ್ರ ಕೈ ಮಡಚಿ ಕೂತಿರುತ್ತಿದ್ದರು. ಉಳಿದವರಲ್ಲಿ ಕ್ಯಾಸಿ, ಹಿಂದೆ ದೊಡ್ಡ ಪಾತ್ರ ಮಾಡಿ ಈಗ ಕೆಲಸವಿಲ್ಲದೆ ಈ ಸಾಲಿಗೆ ಬಂದವಳು, ಇದ್ದಾಳೆ ಅಂತ ಗೊತ್ತಾದಾಗ ಹಾಲ್ ಪೂರ್ತಿ ನಿಟ್ಟುಸಿರು ಬಿಡುತ್ತದೆ. 1975ರ ಮೊದಲ ಪ್ರಿವ್ಯೂಗಳಲ್ಲಿ ಕ್ಯಾಸಿಗೆ ಕೆಲಸ ಸಿಗುತ್ತಿರಲಿಲ್ಲ. ನಾಟಕ ನೋಡಿದ ನಟಿ ಮಾರ್ಷಾ ಮೇಸನ್ ಅದು ಬೇಡ ಅಂತ ಬೆನೆಟ್‌ಗೆ ಹೇಳಿದ ಮೇಲೆ ಅವರು ಕೊನೆಯನ್ನು ಬದಲಾಯಿಸಿದರು. ಆ ನಿಟ್ಟುಸಿರು ಕೇಳಿದಾಗಲೆಲ್ಲ, ಬದಲಾಯಿಸಿದ್ದೇ ಸರಿ ಅನ್ನಿಸುತ್ತಿತ್ತು.

ಜಾಸ್ತಿ ದೂರು ಬಂದದ್ದು ಮುಕ್ತಾಯದ ಬಗ್ಗೆ. ಕೊನೆಯ ಹಾಡಿನಲ್ಲಿ ಎಲ್ಲರೂ ಒಂದೇ ಥರದ ಚಿನ್ನದ ಬಣ್ಣದ ಉಡುಪು, ಟೋಪಿ ತೊಟ್ಟು ಒಬ್ಬೊಬ್ಬರಾಗಿ ಬರುತ್ತಾರೆ. ಸೋತವರೂ, ಮಂಡಿ ಮುರಿದುಕೊಂಡ ಪಾಲ್ ಕೂಡ. ಮೊದಮೊದಲು ಜನ ಪ್ರತಿಯೊಬ್ಬರನ್ನೂ ಗುರುತು ಹಿಡಿದು ಕೂಗುತ್ತಾರೆ. ಪಾಲ್‌ಗೆ ಎಲ್ಲರಿಗಿಂತ ದೊಡ್ಡ ಕೂಗು. ಸಾಲು ತುಂಬುತ್ತಾ ಹೋದಂತೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಎರಡು ಗಂಟೆಯಿಂದ ಒಬ್ಬೊಬ್ಬರನ್ನಾಗಿ ಹಚ್ಚಿಕೊಂಡವರನ್ನು ಜನ ಅಲ್ಲೇ ಕಳೆದುಕೊಳ್ಳುತ್ತಾರೆ. ಕಾಲು ಎತ್ತಿ ಕುಣಿಯುತ್ತಿರುವಾಗಲೇ ಬೆಳಕು ಇಳಿಯುತ್ತದೆ, ಕತ್ತಲೆ. ಆಮೇಲೆ ಯಾರೂ ವಂದನೆಗೆ ಬರುವುದಿಲ್ಲ. ಬೆನೆಟ್ ಮಾಡಿಟ್ಟದ್ದೇ ಹಾಗೆ.

ನಾನು ಬೆಳೆದ ಕಡೆ, ಕಂಪನಿ ನಾಟಕದಲ್ಲಿ ಜನ ‘ಒನ್ಸ್ ಮೋರ್’ ಅಂದರೆ ಸಾಯುವ ದೃಶ್ಯದಲ್ಲಿ ಬಿದ್ದವನೂ ಎದ್ದು ಇನ್ನೊಮ್ಮೆ ಹಾಡುತ್ತಿದ್ದ ಅಂತ ಹಿರಿಯರು ಹೇಳುತ್ತಿದ್ದರು. ನಟನಿಗೂ ಜನರಿಗೂ ನಡುವಿನ ಆ ಲೆಕ್ಕ ಬಾಕಿ ಉಳಿಯುತ್ತಿರಲಿಲ್ಲ. ಇಲ್ಲಿ ಬೇಕಂತಲೇ ಬಾಕಿ ಉಳಿಸುತ್ತಾರೆ. ಮೊದಲ ವಾರ ಲಾಬಿಯಲ್ಲಿ ಜನ ನಮ್ಮನ್ನು ಹಿಡಿದು ಕೇಳಿದರು: ಯಾಕೆ ಬರಲಿಲ್ಲ? ನಾವು ಅವರಿಗೆ ಥ್ಯಾಂಕ್ಸ್ ಹೇಳಬೇಕಿತ್ತು. ಡ್ಯಾನ್ಸರ್‌ಗಳಿಗೂ ಹೊರಗೆ ಬರುವ ಆಸೆ ಇತ್ತು. ನಿರ್ದೇಶಕಿ ಒಪ್ಪಲಿಲ್ಲ. ನಾನು ಅವರ ಪರವೇ ಇದ್ದೆ. ಹೊರಗೆ ಬಂದು ನಕ್ಕು ಕೈ ಬೀಸಿದರೆ, ಸಾಲಿನಲ್ಲಿ ಕರಗಿಹೋದ ಮುಖಗಳು ಮತ್ತೆ ವಾಪಸ್ ಸಿಕ್ಕಿಬಿಡುತ್ತವೆ. ಆಗ ಆ ನೋವು ಎಲ್ಲಿ ಉಳಿಯುತ್ತದೆ?

ಉಳಿದ ಪ್ರಶ್ನೆ ನನ್ನದು: ಹಾಲ್‌ನ ದೀಪ ಯಾವಾಗ ಹಚ್ಚಬೇಕು? ಬೇಗ ಹಚ್ಚಿದರೆ ಜನರನ್ನು ಎಬ್ಬಿಸಿ ಕಳಿಸಿದಂತೆ. ತಡ ಮಾಡಿದರೆ ಬಾರದವರಿಗಾಗಿ ಕಾಯಿಸಿದಂತೆ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್ ಅಂತ ಎಣಿಸಿ ನೋಡಿದೆ, ಯಾವುದೂ ಕೂಡಿಬರಲಿಲ್ಲ. ಒಂದು ವಾರ ಕೇಳಿದ ಮೇಲೆ ಗೊತ್ತಾಯಿತು, ಚಪ್ಪಾಳೆ ಎರಡು ಸಲ ಏರುತ್ತದೆ. ಮೊದಲನೆಯದು ಕತ್ತಲಾದ ಕೂಡಲೇ. ಅದು ಇಳಿಯುತ್ತದೆ, ಜನ ಕಾಯುತ್ತಾರೆ. ಆಮೇಲೆ, ಅವರು ಬರುವುದಿಲ್ಲ ಅಂತ ಗೊತ್ತಾದಾಗ, ಖಾಲಿ ಕತ್ತಲೆಗೆ ಇನ್ನೊಮ್ಮೆ ಹೊಡೆಯುತ್ತಾರೆ. ಮೊದಲನೆಯದಕ್ಕಿಂತ ಜೋರಾಗಿ, ಎದ್ದು ನಿಂತು. ಅದು ಇಳಿಯಲು ಶುರುವಾಗುವಾಗ ನಾನು ದೀಪ ಹೇಳುತ್ತಿದ್ದೆ. ಅದೇ ಹೊತ್ತಿಗೆ ವಾದ್ಯದವರು ಹೊರಡುವ ಸಂಗೀತ ಎತ್ತಿಕೊಳ್ಳುತ್ತಿದ್ದರು. ದೂರು ನಿಂತಿತು.

ಆ ಎರಡನೇ ಚಪ್ಪಾಳೆ ಡ್ಯಾನ್ಸರ್‌ಗಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವರು ಡ್ರೆಸ್ಸಿಂಗ್ ರೂಮ್ ಕಡೆ ನಡೆದಿರುತ್ತಿದ್ದರು. ಅಲ್ಲಿನ ಸ್ಪೀಕರಿಗೂ ರಂಗದ ಮೈಕಿನ ಸದ್ದಷ್ಟೇ ಹೋಗುತ್ತಿತ್ತು. ಕೊನೆಯ ವಾರ ಸೌಂಡಿನವರಿಗೆ ಹೇಳಿ ಹಾಲ್ ಕಡೆ ಮುಖ ಮಾಡಿದ ಒಂದು ಮೈಕ್ ಕಟ್ಟಿಸಿದೆ. ಆ ರಾತ್ರಿ ನಾನು ಹೆಡ್‌ಸೆಟ್ ಕಳಚಿ ಕೆಳಗಿಳಿದಾಗ, ಹದಿನೇಳು ಮಂದಿಯೂ ಚಿನ್ನದ ಉಡುಪಿನಲ್ಲೇ ಕಾರಿಡಾರಿನಲ್ಲಿ ನಿಂತು ಸ್ಪೀಕರ್ ಕಡೆ ತಲೆ ಎತ್ತಿದ್ದರು. ಹೊರಡುವ ಸಂಗೀತ ಮುಗಿಯುವವರೆಗೂ ಒಬ್ಬರೂ ಟೋಪಿ ತೆಗೆಯಲಿಲ್ಲ.