ಏಷ್ಯಾದ ಭೂನಕ್ಷೆಯಲ್ಲಿ ಅದಿರಿನ ಜಾಡು ಹಿಡಿಯುವುದು ಹೇಗೆ?

ಮೊದಲೇ ಅದಿರು ಹುಡುಕಬೇಡಿ, ಮುಚ್ಚಿಹೋದ ಸಮುದ್ರ ಹುಡುಕಿ. ವಿದ್ಯಾರ್ಥಿಗಳ ಮುಂದೆ ಏಷ್ಯಾದ ಭೂವೈಜ್ಞಾನಿಕ ನಕ್ಷೆ ಹರಡಿದಾಗಲೆಲ್ಲ ನಾನು ಹೇಳುವ ಮೊದಲ ಮಾತು ಇದು. ಏಷ್ಯಾ ಒಂದೇ ತುಂಡಾಗಿ ಹುಟ್ಟಿದ ಖಂಡವಲ್ಲ. ಸಣ್ಣ ದೊಡ್ಡ ಭೂಫಲಕಗಳು ಬೇರೆಬೇರೆ ಕಾಲದಲ್ಲಿ ಬಂದು ಡಿಕ್ಕಿ ಹೊಡೆದು ಅಂಟಿಕೊಂಡಿವೆ. ಪ್ರತಿ ಎರಡು ತುಂಡುಗಳ ನಡುವೆ ಒಂದು ಕಾಲದಲ್ಲಿ ಸಮುದ್ರ ಇತ್ತು.

ಆ ಸಮುದ್ರದ ಗುರುತು ಓಫಿಯೋಲೈಟ್, ಅಂದರೆ ಡಿಕ್ಕಿಯ ಸಮಯದಲ್ಲಿ ಮೇಲಕ್ಕೆ ಸಿಕ್ಕಿಕೊಂಡ ಹಳೆಯ ಸಮುದ್ರತಳದ ಕಲ್ಲು. ನಕ್ಷೆಯಲ್ಲಿ ಅದು ತೆಳ್ಳಗೆ, ಉದ್ದಕ್ಕೆ, ತುಂಡುತುಂಡಾಗಿ ಕಾಣುತ್ತದೆ. ಆ ತುಂಡುಗಳನ್ನು ಕೆಂಪು ಪೆನ್ಸಿಲ್‌ನಲ್ಲಿ ಸೇರಿಸಿ. ಲಡಾಖ್‌ನಿಂದ ದಕ್ಷಿಣ ಟಿಬೆಟ್‌ವರೆಗೆ ಸಿಂಧೂ ಮತ್ತು ತ್ಸಾಂಗ್ಪೊ ನದಿಗಳ ಜೊತೆ ಹೋಗುವ ಗೆರೆ ಸಿಗುತ್ತದೆ. ಮಲಯ ಪರ್ಯಾಯ ದ್ವೀಪದ ನಡುವೆ ಬೆಂಟೋಂಗ್-ರೌಬ್ ಗೆರೆ. ಮಧ್ಯ ಏಷ್ಯಾದಲ್ಲಿ ತಿಯೆನ್‌ಶಾನ್ ಪರ್ವತದ ಉದ್ದಕ್ಕೆ ಇನ್ನೊಂದು. ಓಫಿಯೋಲೈಟನ್ನು ಬರೀ ಗುರುತು ಅಂತ ಬಿಡಬೇಡಿ. ಟಿಬೆಟ್‌ನ ಲುವೊಬುಸಾದಲ್ಲಿ ಅದರೊಳಗೇ ಕ್ರೋಮೈಟ್, ಅಂದರೆ ಕ್ರೋಮಿಯಂನ ಅದಿರು ಇದೆ.

ಗೆರೆ ಎಳೆದಾಯಿತು. ಈಗ ಅದರ ಅಕ್ಕಪಕ್ಕದ ಗ್ರಾನೈಟ್‌ಗಳಿಗೆ ವಯಸ್ಸು ಬರೆಯಿರಿ. ಸಮುದ್ರ ಮುಚ್ಚುವ ಮೊದಲು ಹುಟ್ಟಿದ್ದಕ್ಕೆ ಒಂದು ಬಣ್ಣ, ಮುಚ್ಚಿದ ಮೇಲೆ ಹುಟ್ಟಿದ್ದಕ್ಕೆ ಇನ್ನೊಂದು. ಬಹಳ ಜನ ಎಡವುವುದು ಇಲ್ಲೇ. ಡಿಕ್ಕಿಯಾದ ಕ್ಷಣದಲ್ಲೇ ಬಿಸಿ ಎದ್ದು, ಶಿಲಾಪಾಕ (ಕರಗಿದ ಕಲ್ಲು) ಉಕ್ಕಿ, ಅದಿರು ಆಗಿಬಿಡುತ್ತದೆ ಅಂದುಕೊಳ್ಳುತ್ತಾರೆ. ಟಿಬೆಟ್ ನೋಡಿ. ಭಾರತ ಏಷ್ಯಾಕ್ಕೆ ಗುದ್ದಿದ್ದು ಸುಮಾರು 5ರಿಂದ 5.5 ಕೋಟಿ ವರ್ಷಗಳ ಹಿಂದೆ. ಲ್ಹಾಸಾ ಪೂರ್ವದ ಚುಲೊಂಗ್ ಎಂಬ ದೊಡ್ಡ ತಾಮ್ರದ ನಿಕ್ಷೇಪದ ವಯಸ್ಸು ಸುಮಾರು 1.6 ಕೋಟಿ ವರ್ಷ ಮಾತ್ರ. ನಡುವಿನ ಮೂರು ಕೋಟಿಗೂ ಜಾಸ್ತಿ ವರ್ಷ ಏನಾಯಿತು?

ಬಹಳ ಭೂವಿಜ್ಞಾನಿಗಳು ಒಪ್ಪುವ ಉತ್ತರ ಹೀಗಿದೆ. ಡಿಕ್ಕಿಗೆ ಮೊದಲು ಭಾರತ ಮತ್ತು ಏಷ್ಯಾ ನಡುವೆ ಇದ್ದ ಟೆಥಿಸ್ ಸಮುದ್ರದ ತಳ ಏಷ್ಯಾದ ಅಡಿಗೆ ಇಳಿಯುತ್ತಲೇ ಇತ್ತು. ಅದು ಬಿಟ್ಟುಕೊಟ್ಟ ನೀರು ಮೇಲಿನ ಮ್ಯಾಂಟಲನ್ನು (ಭೂಚಿಪ್ಪಿನ ಕೆಳಗಿನ ಪದರ) ಕರಗಿಸಿತು. ಹಾಗೆ ಹುಟ್ಟಿದ ಶಿಲಾಪಾಕದಲ್ಲಿ ಒಂದಷ್ಟು ಮೇಲೆ ಬಂದು ಗಾಂಗ್‌ಡೀಸ್ ಗ್ರಾನೈಟ್ ಸಾಲಾಯಿತು. ಇನ್ನೊಂದಷ್ಟು ತಾಮ್ರ, ಗಂಧಕ, ನೀರಿನ ಸಮೇತ ಭೂಚಿಪ್ಪಿನ ತಳದಲ್ಲೇ ಗಟ್ಟಿಯಾಗಿ ಉಳಿಯಿತು. ಡಿಕ್ಕಿಯಿಂದ ಚಿಪ್ಪು ದಪ್ಪವಾಯಿತು. ಈಗ ಅಲ್ಲಿ ಅದು ಸುಮಾರು 70 ಕಿಲೋಮೀಟರ್ ಇದೆ. ಕೊನೆಗೆ ಆ ತಳ ಮತ್ತೆ ಕರಗಿದಾಗ, ಕೂಡಿಟ್ಟ ತಾಮ್ರ ಮೇಲಕ್ಕೆ ಬಂತು. ಅಂದರೆ ಸಮುದ್ರ ಇದ್ದಾಗ ಸಂಗ್ರಹ, ಮುಚ್ಚಿ ಎಷ್ಟೋ ಕಾಲದ ಮೇಲೆ ಅದಿರು. ನನಗೆ ಇಡೀ ಏಷ್ಯಾದ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು.

ವಯಸ್ಸು ಎಲ್ಲಿಂದ ಸಿಗುತ್ತದೆ ಅಂತ ಕೇಳುತ್ತೀರಿ ಅಲ್ವಾ? ಗ್ರಾನೈಟ್‌ಗೆ ಜಿರ್ಕಾನ್ ಹರಳಿನ ಯುರೇನಿಯಂ-ಸೀಸ ವಯಸ್ಸು (ಯುರೇನಿಯಂ ಕ್ಷಯಿಸಿ ಸೀಸವಾಗುವ ಲೆಕ್ಕ) ನೋಡಿ. ಅದಿರಿಗೆ ಅದರ ಜೊತೆ ಸಿಗುವ ಮಾಲಿಬ್ಡಿನೈಟ್ ಖನಿಜದ ರೀನಿಯಂ-ಆಸ್ಮಿಯಂ ವಯಸ್ಸು (ಅದೇ ಬಗೆಯ ಕ್ಷಯದ ಲೆಕ್ಕ) ನೋಡಿ. ಎರಡೂ ಹೊಂದಿದರೆ ಆ ಗ್ರಾನೈಟೇ ಅದಿರಿನ ತಾಯಿ ಅಂತ ವಾದಿಸಲು ಗಟ್ಟಿ ಆಧಾರ ಸಿಕ್ಕಿತು. ಹೊಂದದಿದ್ದರೆ, ಪಕ್ಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಸುಮ್ನೆ ಸಂಬಂಧ ಕಟ್ಟಬೇಡಿ.

ಯಾವ ಲೋಹ ಎಂಬ ಪ್ರಶ್ನೆಗೆ ಒಂದು ಅಯಸ್ಕಾಂತ ಸಾಕಷ್ಟು ಹೇಳುತ್ತದೆ. ಜಪಾನಿನ ಶುನ್ಸೊ ಇಶಿಹಾರಾ 1977ರಲ್ಲಿ ಗ್ರಾನೈಟ್‌ಗಳನ್ನು ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ) ಸರಣಿ, ಇಲ್ಮನೈಟ್ (ಅಷ್ಟಾಗಿ ಅಂಟದ ಕಬ್ಬಿಣ-ಟೈಟಾನಿಯಂ ಖನಿಜ) ಸರಣಿ ಎಂದು ಎರಡಾಗಿ ವಿಂಗಡಿಸಿದರು. ತಾಜಾ ಕಲ್ಲನ್ನು ಪುಡಿ ಮಾಡಿ ಅಯಸ್ಕಾಂತ ಹಿಡಿಯಿರಿ. ಕಪ್ಪು ಕಣಗಳು ಚೆನ್ನಾಗಿ ಅಂಟಿದರೆ ಆ ಶಿಲಾಪಾಕದಲ್ಲಿ ಆಮ್ಲಜನಕದ ಪ್ರಭಾವ ಜಾಸ್ತಿ ಇತ್ತು. ಅಂಥಲ್ಲಿ ಗಂಧಕ ಹೆಚ್ಚಾಗಿ ಸಲ್ಫೇಟ್ ರೂಪದಲ್ಲಿರುತ್ತದೆ. ತಾಮ್ರ ಬೇಗನೆ ಸಲ್ಫೈಡ್ ಆಗಿ ತಳಕ್ಕೆ ಕೂರದೆ ಶಿಲಾಪಾಕದಿಂದ ಕೊನೆಗೆ ಹೊರಡುವ ಬಿಸಿನೀರಿನವರೆಗೂ ಉಳಿಯುತ್ತದೆ. ಏನೂ ಅಂಟದಿದ್ದರೆ ಕರಗಿದ್ದು ಇಂಗಾಲ ಬೆರೆತ ಹಳೆಯ ಕೆಸರುಕಲ್ಲು ಇರಬಹುದು. ಅಲ್ಲಿ ತವರ ಆರಂಭದ ಹರಳುಗಳಲ್ಲಿ ಹಂಚಿಹೋಗದೆ ಕೊನೆಯ ಪಾಕದಲ್ಲಿ ಸೇರುತ್ತದೆ.

ಮಲೇಷಿಯಾದ ಕಿಂಟಾ ಕಣಿವೆಯ ತವರದ ಹಿಂದೆ ಇರುವುದು ಈ ಎರಡನೆಯ ಬಗೆ. ಪಶ್ಚಿಮದ ಸಿಬುಮಾಸು ಮತ್ತು ಪೂರ್ವದ ಇಂಡೋಚೈನಾ ಎಂಬ ಭೂತುಂಡುಗಳು ಟ್ರಯಾಸಿಕ್ ಕಾಲದಲ್ಲಿ (ಸುಮಾರು 25ರಿಂದ 20 ಕೋಟಿ ವರ್ಷಗಳ ಹಿಂದೆ) ಸೇರಿದಾಗ ಮೇನ್ ರೇಂಜ್ ಗ್ರಾನೈಟ್ ಹುಟ್ಟಿತು. ಮುಂದೆ ಅದು ಸವೆದು ತವರದ ಖನಿಜ ಕಣಿವೆಯ ಮೆಕ್ಕಲಿಗೆ ಸೇರಿತು. ಆದರೆ ಬೆಂಟೋಂಗ್-ರೌಬ್ ಗೆರೆಯ ಪೂರ್ವಕ್ಕೆ ತವರವೇ ಇಲ್ಲ ಅಂತ ಬರೆದುಬಿಡಬೇಡಿ. ಪಹಾಂಗ್‌ನ ಸುಂಗೈ ಲೆಂಬಿಂಗ್ ದೊಡ್ಡ ತವರದ ಗಣಿಯೇ ಆಗಿತ್ತು.

ಇನ್ನು ಸವೆತ. ಪಾರ್ಫಿರಿ ತಾಮ್ರ (ಶಿಲಾಪಾಕದ ಬಿಸಿನೀರು ಕಲ್ಲಿನ ತುಂಬ ಹರಡಿದ ತಾಮ್ರ) ಸಾಮಾನ್ಯವಾಗಿ 1ರಿಂದ 5 ಕಿಲೋಮೀಟರ್ ಆಳದಲ್ಲಿ ಹುಟ್ಟುತ್ತದೆ. ಬೆಟ್ಟ ಎತ್ತರವಾಗುತ್ತಾ ಹೋದರೆ ಮಳೆ, ನದಿ ಸೇರಿ ಅದನ್ನು ಕೊಚ್ಚಿಬಿಡುತ್ತವೆ. ನಕ್ಷೆಯಲ್ಲಿ ಬರೀ ಆಳದ ಗ್ರಾನೈಟ್ ಮತ್ತು ನೈಸ್ (ಆಳದ ಬಿಸಿ, ಒತ್ತಡಕ್ಕೆ ರೂಪ ಬದಲಾದ ಪಟ್ಟೆಕಲ್ಲು) ಇದ್ದರೆ ನಾನು ಅಲ್ಲಿ ತಾಮ್ರದ ಆಸೆ ಕಡಿಮೆ ಇಟ್ಟುಕೊಳ್ಳುತ್ತೇನೆ. ಅದೇ ವಯಸ್ಸಿನ ಜ್ವಾಲಾಮುಖಿ ಕಲ್ಲು ಪಕ್ಕದಲ್ಲಿ ಉಳಿದಿದ್ದರೆ ಆ ಮಟ್ಟವೂ ಉಳಿದಿರಬಹುದು. ಮಂಗೋಲಿಯಾದ ದಕ್ಷಿಣ ಗೋಬಿಯ ಓಯು ತೊಲ್ಗೊಯ್ ತಾಮ್ರದ ನಿಕ್ಷೇಪ ಸುಮಾರು 37 ಕೋಟಿ ವರ್ಷ ಹಳೆಯದು. ಅಲ್ಲಿನ ಹ್ಯೂಗೊ ಡಮೆಟ್ ಅದಿರು ನಂತರದ ಕಲ್ಲುಗಳ ಕೆಳಗೆ ಹೂತುಹೋಗಿದ್ದರಿಂದ ಸವೆತಕ್ಕೆ ಸಿಗದೆ ಉಳಿಯಿತು.

ಅಭ್ಯಾಸಕ್ಕೆ ಮೊದಲು ಉಜ್ಬೇಕಿಸ್ತಾನ ತೆಗೆದುಕೊಳ್ಳಿ. ಅಲ್ಮಲಿಕ್‌ನ ತಾಮ್ರ, ಮುರುಂತಾವ್‌ನ ಚಿನ್ನ ಎರಡನ್ನೂ ಗುರುತು ಹಾಕಿ. ತಾಮ್ರಕ್ಕೆ ಸುಮಾರು 31.5 ಕೋಟಿ, ಚಿನ್ನಕ್ಕೆ ಸುಮಾರು 29 ಕೋಟಿ ವರ್ಷ ಎಂದು ಬರೆಯಿರಿ. ಯಾವುದು ಸಮುದ್ರ ಇನ್ನೂ ಮುಚ್ಚುತ್ತಿದ್ದಾಗಿನದು, ಯಾವುದು ಮುಚ್ಚಿದ ಮೇಲಿನದು ಎಂದು ಕೇಳಿಕೊಳ್ಳಿ. ಆಮೇಲೆ ಇರಾನಿನ ಸರ್‌ಚಶ್ಮೆಗೆ ಬನ್ನಿ. ಝಾಗ್ರೋಸ್ ಪರ್ವತದ ಗೆರೆಯನ್ನು ನೀವೇ ಎಳೆಯಿರಿ. ಅಲ್ಲಿನ ತಾಮ್ರಕ್ಕೆ ಸುಮಾರು 1.3 ಕೋಟಿ ವರ್ಷ. ಅದನ್ನು ಚುಲೊಂಗ್ ಪಕ್ಕ ಇಟ್ಟು ಹೋಲಿಸಿ.