ಗೇಮ್ ಮಾಡಲು ಯಾವ ಭಾಷೆ ಕಲಿಯಬೇಕು? ಮೊದಲು ಗೇಮ್ ಯಾವುದೆಂದು ಹೇಳಿ

ಗೇಮ್ ಮಾಡಬೇಕೆಂಬ ಆಸೆ ಹುಟ್ಟಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿ ಪ್ಲಸ್ ಪ್ಲಸ್ ಕಲಿಯಲೋ, ಪೈಥಾನ್ ಕಲಿಯಲೋ? ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಒಬ್ಬೊಬ್ಬರೂ ತಾವು ಮಾಡಿದ ಗೇಮನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರುತ್ತಾರೆ, ಕೇಳಿದವರ ತಲೆಯಲ್ಲಿರುವ ಗೇಮ್ ಬೇರೆಯೇ ಇರುತ್ತದೆ. ಆದ್ದರಿಂದ ಭಾಷೆಯ ಹೆಸರು ಹಿಡಿದು ಹೊರಡಬೇಡಿ, ಗೇಮಿನಿಂದ ಹೊರಡಿ.

ಹೆಜ್ಜೆ 1: ನಾಲ್ಕು ಸಾಲು ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಆಟಗಾರ ಏನು ಮಾಡುತ್ತಾನೆ, ಯಾವಾಗ ಸೋಲುತ್ತಾನೆ, ದೃಶ್ಯ 2ಡಿಯೋ 3ಡಿಯೋ, ಆಡುವುದು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬ್ರೌಸರಿನಲ್ಲೋ, ಇಷ್ಟು ಸಾಕು. ನೂರು ಜನ ಒಟ್ಟಿಗೆ ಆನ್‌ಲೈನಿನಲ್ಲಿ ಆಡುವ ಗೇಮ್ ಎಂದು ಬರೆದಿದ್ದರೆ ಆ ಹಾಳೆಯನ್ನು ಜೋಪಾನವಾಗಿ ಎತ್ತಿಟ್ಟು, ಒಬ್ಬರೇ ಆಡುವ ಇನ್ನೊಂದನ್ನು ಬರೆಯಿರಿ. ನೆಟ್‌ವರ್ಕ್ ಕೆಲಸ ಎಷ್ಟು ಕಷ್ಟವೆಂದರೆ, ಮೊದಲ ಗೇಮಿಗೇ ಅದನ್ನು ಹಚ್ಚಿಕೊಂಡರೆ ಗೇಮ್ ಮಾಡುವುದನ್ನು ಕಲಿಯಲು ಸಮಯವೇ ಸಿಗುವುದಿಲ್ಲ.

ಹೆಜ್ಜೆ 2: ಎಂಜಿನ್ ಆರಿಸಿ, ಭಾಷೆ ಹಿಂದೆಯೇ ಬರುತ್ತದೆ

ಚಿತ್ರ ಬಿಡಿಸುವುದು, ಸದ್ದು ಹೊರಡಿಸುವುದು, ಎರಡು ವಸ್ತು ಡಿಕ್ಕಿ ಹೊಡೆದವೇ ಎಂದು ನೋಡುವುದು ಎಲ್ಲ ಗೇಮಿಗೂ ಬೇಕಾದ ಕೆಲಸಗಳು. ಇವನ್ನು ಸಿದ್ಧವಾಗಿ ಕೊಡುವ ಸಾಫ್ಟ್‌ವೇರೇ ಗೇಮ್ ಎಂಜಿನ್. ಭಾಷೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ.

ಯೂನಿಟಿ ಎಂದರೆ ಸಿ ಶಾರ್ಪ್. ಫೋನಿನ ಗೇಮುಗಳಲ್ಲಿ ಇದರ ಬಳಕೆ ಹೆಚ್ಚು, ಪೋಕೆಮಾನ್ ಗೋ ಇದರಲ್ಲೇ ಆದದ್ದು. ಅನ್‌ರಿಯಲ್ ಎಂದರೆ ಸಿ ಪ್ಲಸ್ ಪ್ಲಸ್. ಅದರ ಜೊತೆಗೆ ಬ್ಲೂಪ್ರಿಂಟ್ ಇದೆ, ಅದರಲ್ಲಿ ಕೋಡ್ ಬರೆಯುವ ಬದಲು ಪೆಟ್ಟಿಗೆಗಳನ್ನು ತಂತಿ ಎಳೆದು ಜೋಡಿಸುತ್ತೀರಿ. ದೊಡ್ಡ 3ಡಿ ಗೇಮಿಗೆ ಅನ್‌ರಿಯಲ್ ಹೇಳಿ ಮಾಡಿಸಿದ ಹಾಗಿದೆ. ಗೊಡೋ ಪೂರ್ತಿ ಉಚಿತ, ಮುಕ್ತ ತಂತ್ರಾಂಶ, ನಿಮ್ಮ ಗೇಮ್ ಎಷ್ಟೇ ದುಡಿದರೂ ಪಾಲು ಕೇಳುವುದಿಲ್ಲ. ಅದರ ಸ್ವಂತ ಭಾಷೆ ಜಿಡಿಸ್ಕ್ರಿಪ್ಟ್ ನೋಡಲು ಪೈಥಾನಿನಂತೆಯೇ ಇದೆ. ಜನ ತಾವೇ ಗೇಮ್ ಮಾಡಿ ಹಂಚಿಕೊಳ್ಳುವ ರೋಬ್ಲಾಕ್ಸ್‌ನಲ್ಲಿ ಮಾಡುವುದಾದರೆ ಲುವಾ ಎಂಬ ಭಾಷೆಯಿಂದ ಹುಟ್ಟಿದ ಲುವಾವು (Luau), ಬ್ರೌಸರಿಗಾದರೆ ಜಾವಾಸ್ಕ್ರಿಪ್ಟ್. ಕಥೆ ಓದುತ್ತಾ ಆಯ್ಕೆ ಮಾಡುವ ಬಗೆಯ ಗೇಮಿಗೆ ಪೈಥಾನ್ ಮೇಲೆ ಕಟ್ಟಿರುವ ರೆನ್‌ಪೈ ಇದೆ.

ಚಿಕ್ಕ ಮಕ್ಕಳಿಗೆ ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್ ಕೊಡಿ, ಬೇರೇನೂ ಬೇಡ.

ಹೆಜ್ಜೆ 3: ವೇಗದ ಭಯ ಬಿಡಿ

‘ಸಿ ಪ್ಲಸ್ ಪ್ಲಸ್ ಬಿಟ್ಟರೆ ಗೇಮ್ ನಿಧಾನವಾಗುತ್ತದೆ’ ಎಂಬ ಮಾತು ಹೊಸಬರನ್ನು ಹೆದರಿಸಿದಷ್ಟು ಇನ್ನೊಂದು ಹೆದರಿಸಿಲ್ಲ. ಅದರಲ್ಲಿ ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡೋಣ.

ಪರದೆಯ ಮೇಲೆ ಒಂದಾದ ಮೇಲೊಂದು ಬರುವ ಚಿತ್ರಗಳಲ್ಲಿ ಒಂದೊಂದೂ ಒಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಬಟನ್ ಒತ್ತಿದ್ದನ್ನು ಓದಬೇಕು, ಎಲ್ಲವನ್ನೂ ಸರಿಸಬೇಕು, ಚಿತ್ರ ಬಿಡಿಸಬೇಕು. ಸಿ ಶಾರ್ಪ್, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳು ಬಳಸಿ ಬಿಟ್ಟ ಮೆಮೊರಿಯನ್ನು ತಾವೇ ಗುಡಿಸುತ್ತವೆ. ಆ ಗುಡಿಸುವ ಕೆಲಸ ಫ್ರೇಮಿನ ನಡುವೆ ಬಂದರೆ ಗೇಮ್ ಒಂದು ಕ್ಷಣ ತಡವರಿಸಬಹುದು. ಸಿ ಪ್ಲಸ್ ಪ್ಲಸ್‌ನಲ್ಲಿ ಮೆಮೊರಿ ನಿಮ್ಮ ಕೈಯಲ್ಲೇ ಇರುತ್ತದೆ. ಗುಡಿಸುವ ಹೊಣೆಯೂ ನಿಮ್ಮದೇ, ಮರೆತರೆ ಮೆಮೊರಿ ತುಂಬುತ್ತಾ ಹೋಗಿ ಗೇಮ್ ಕುಸಿದು ಬೀಳಬಹುದು. ದೊಡ್ಡ ಸ್ಟುಡಿಯೋಗಳು ಸಿ ಪ್ಲಸ್ ಪ್ಲಸ್ ಬಿಡದಿರಲು ಮೆಮೊರಿಯ ಮೇಲಿನ ಈ ಹಿಡಿತ ಒಂದು ಮುಖ್ಯ ಕಾರಣ.

ಆದರೆ ನಿಮ್ಮ ಮೊದಲ ಗೇಮ್ ಆ 16.7 ಮಿಲಿಸೆಕೆಂಡಿನ ಮೂಲೆಯನ್ನೂ ತುಂಬುವುದಿಲ್ಲ. 2016ರ ಸ್ಟಾರ್‌ಡ್ಯೂ ವ್ಯಾಲಿ ಸಿ ಶಾರ್ಪ್‌ನಲ್ಲಿ ಒಬ್ಬರೇ ಮಾಡಿದ ಗೇಮ್. 2024ರ ಬಾಲಾಟ್ರೋ ಲುವಾದಲ್ಲಿ ಬಂತು. ವ್ಯಾಂಪೈರ್ ಸರ್ವೈವರ್ಸ್ ಶುರುವಾದದ್ದು ಜಾವಾಸ್ಕ್ರಿಪ್ಟ್‌ನಲ್ಲಿ. ಪರದೆ ತುಂಬ ಶತ್ರುಗಳು ಮುತ್ತಿಕೊಳ್ಳುವ ಗೇಮ್ ಅದು, ಹೆಸರು ಮಾಡಿದ ಮೇಲೆ 2023ರಲ್ಲಿ ಅದನ್ನು ಯೂನಿಟಿಗೆ ಸಾಗಿಸಿದರು. ಅಂದರೆ ವೇಗದ ಚಿಂತೆಗೆ ಕಾಲ ಬಂದದ್ದು ಜನ ಗೇಮನ್ನು ಮೆಚ್ಚಿದ ಮೇಲೆ.

ಹೆಜ್ಜೆ 4: ಒಂದು ಚೆಂಡು ಓಡಿಸಿ ನೋಡಿ

ಆರಿಸಿದ ಎಂಜಿನ್ನಿನಲ್ಲಿ ಮೊದಲು ಪಾಂಗ್ ಮಾಡಿ. ಎರಡು ಪಟ್ಟಿ, ಒಂದು ಚೆಂಡು, ಅಂಕ, ಅಷ್ಟೇ. ಅಟಾರಿ 1972ರಲ್ಲಿ ತಂದ ಮೂಲ ಪಾಂಗ್‌ನಲ್ಲಿ ಪ್ರೋಗ್ರಾಮ್ ಎಂಬುದೇ ಇರಲಿಲ್ಲ, ಎಲ್ಲವೂ ಸರ್ಕ್ಯೂಟಿನಲ್ಲೇ ನಡೆಯುತ್ತಿತ್ತು. ಗೇಮಿನ ಜೀವ ಭಾಷೆಯಲ್ಲಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಚೆಂಡು ಸೆಕೆಂಡಿಗೆ 300 ಪಿಕ್ಸೆಲ್ ಓಡಬೇಕು ಎಂದುಕೊಳ್ಳಿ. 60 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮಿಗೆ 5 ಪಿಕ್ಸೆಲ್. ‘ಪ್ರತಿ ಫ್ರೇಮಿಗೂ 5 ಕೂಡಿಸು’ ಎಂದು ಬರೆದು ಓಡಿಸಿದರೆ ಚೆನ್ನಾಗಿಯೇ ಕಾಣುತ್ತದೆ. ಅದೇ ಗೇಮನ್ನು ಸೆಕೆಂಡಿಗೆ 120 ಫ್ರೇಮ್ ತೋರಿಸುವ ಪರದೆಯಲ್ಲಿ ಆಡಿದವರಿಗೆ ಚೆಂಡು 600 ಪಿಕ್ಸೆಲ್ ವೇಗದಲ್ಲಿ ನುಗ್ಗುತ್ತದೆ, ಅವರು ಪಟ್ಟಿ ಎತ್ತುವಷ್ಟರಲ್ಲಿ ಸೋತಿರುತ್ತಾರೆ. ಇದಕ್ಕೆ ಮದ್ದು ಡೆಲ್ಟಾ, ಅಂದರೆ ಹಿಂದಿನ ಫ್ರೇಮಿನಿಂದ ಈವರೆಗೆ ಕಳೆದ ಸಮಯ. ಸಾಲು ಹೀಗಾಗುತ್ತದೆ:

ಹೊಸ ಜಾಗ = ಹಳೆಯ ಜಾಗ + ವೇಗ × ಡೆಲ್ಟಾ

ಈ ಸಾಲನ್ನು ಎಲ್ಲ ಭಾಷೆಗಳಲ್ಲೂ ಬರೆಯಬೇಕಾಗುತ್ತದೆ. ಗೊಡೋದಲ್ಲಿ ಡೆಲ್ಟಾ ಸೆಕೆಂಡಿನಲ್ಲಿ ಸಿಗುತ್ತದೆ, ಬ್ರೌಸರ್ ಗೇಮಿಗೆ ಬಳಸುವ ಫೇಸರ್ ಎಂಬ ಜಾವಾಸ್ಕ್ರಿಪ್ಟ್ ಸಲಕರಣೆಯಲ್ಲಿ ಮಿಲಿಸೆಕೆಂಡಿನಲ್ಲಿ. ವ್ಯತ್ಯಾಸ ಅಷ್ಟೇ. ಅರ್ಥ ಮಾಡಿಕೊಂಡು ಒಮ್ಮೆ ಬರೆದವರಿಗೆ ಆಮೇಲೆ ಸಿ ಶಾರ್ಪ್‌ಗೆ ಹೋದರೂ ಸಿ ಪ್ಲಸ್ ಪ್ಲಸ್‌ಗೆ ಹೋದರೂ ಈ ಸಾಲಿನ ಮಟ್ಟಿಗೆ ಹೊಸದಾಗಿ ಕಲಿಯಬೇಕಾದದ್ದು ವ್ಯಾಕರಣ ಮಾತ್ರ.

ಇಷ್ಟಾದರೂ ಒಂದು ಹೆಸರು ಹೇಳಿ ಎನ್ನುವವರಿಗೆ

ಕೋಡ್ ಎಂದೂ ಬರೆಯದವರಿಗೆ ನನ್ನ ಸಲಹೆ ಗೊಡೋ ಮತ್ತು ಜಿಡಿಸ್ಕ್ರಿಪ್ಟ್. ಡೌನ್‌ಲೋಡ್ ಚಿಕ್ಕದು, ಹಳೆಯ ಕಂಪ್ಯೂಟರಿನಲ್ಲೂ 2ಡಿ ಗೇಮ್ ಮಾಡಬಹುದು. ಗೇಮ್ ಕಂಪನಿಯಲ್ಲಿ ಕೆಲಸ ಬೇಕೆನ್ನುವವರು ತಮಗೆ ಇಷ್ಟವಾದ ಕಂಪನಿಗಳ ಉದ್ಯೋಗ ಜಾಹೀರಾತು ತೆರೆದು, ಅಲ್ಲಿ ಸಿ ಶಾರ್ಪ್ ಕೇಳಿದ್ದಾರೋ ಸಿ ಪ್ಲಸ್ ಪ್ಲಸ್ ಕೇಳಿದ್ದಾರೋ ನೋಡಿ ಆರಿಸಲಿ. ಪೈಥಾನ್ ಈಗಾಗಲೇ ಬರುತ್ತಿದ್ದರೆ ಅದರಲ್ಲಿ ಗೇಮ್ ಮಾಡಲು ಇರುವ ಪೈಗೇಮ್ ಎಂಬ ಸಲಕರಣೆಯಲ್ಲಿ ಪಾಂಗ್ ಮಾಡಿ ಖುಷಿಪಡಿ. ಅದನ್ನು ಗೆಳೆಯರ ಫೋನಿಗೆ ತಲುಪಿಸುವಾಗ ಮಾತ್ರ ಪಾಡು ಪಡಬೇಕಾಗುತ್ತದೆ.

ಆರಿಸಿದ ಮೇಲೆ ಎರಡು ವಾರ ಅದನ್ನು ಬದಲಿಸಬೇಡಿ. ಎರಡು ವಾರದಲ್ಲಿ ಪಾಂಗ್ ಮುಗಿಯದಿದ್ದರೆ ಹೊತ್ತು ಎಲ್ಲಿ ಹೋಯಿತು ಎಂದು ನೋಡಿಕೊಳ್ಳಿ. ಇನ್‌ಸ್ಟಾಲ್, ಸೆಟ್ಟಿಂಗ್, ಅರ್ಥವಾಗದ ಎರರ್‌ಗಳಲ್ಲೇ ಕಳೆದಿದ್ದರೆ ಬೇರೆ ಎಂಜಿನ್ ಹಿಡಿಯಿರಿ. ಚೆಂಡು ಪಟ್ಟಿಗೆ ತಗುಲಿ ತಿರುಗುವುದು ಹೇಗೆ ಎಂಬಲ್ಲಿ ನಿಂತಿದ್ದರೆ ಭಾಷೆ ಬದಲಿಸಿ ಪ್ರಯೋಜನವಿಲ್ಲ. ಹಾಳೆಯ ಮೇಲೆ ಚೆಂಡನ್ನೂ ಪಟ್ಟಿಯನ್ನೂ ಬಿಡಿಸಿ, ಒಂದೊಂದು ಫ್ರೇಮಿಗೆ ಚೆಂಡು ಎಲ್ಲಿರುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ. ನಾಲ್ಕೈದು ಗುರುತಾಗುವಷ್ಟರಲ್ಲಿ ಕೋಡಿನಲ್ಲಿ ಪ್ಲಸ್ ಇರುವಲ್ಲಿ ಮೈನಸ್ ಆಗಬೇಕಾದ ಜಾಗ ಕಣ್ಣಿಗೆ ಬೀಳುತ್ತದೆ.