ಓಣಿಯ ಶಾಲೆ ಮುಚ್ಚಿತು, ಕಟ್ಟಡಕ್ಕೇನು ಗತಿ?

ಗಂಗಾವತಿಯ ನಮ್ಮ ಓಣಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೊನೆಯ ವರ್ಷ ಉಳಿದಿದ್ದು ಏಳೇ ಮಕ್ಕಳು. ಮರುವರ್ಷ ಒಂದೂ ದಾಖಲಾತಿ ಆಗಲಿಲ್ಲ. ಬೀಗ ಬಿತ್ತು. ನಾನು ಅಲ್ಲಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾಗಿದ್ದೆ, ನನ್ನ ಮಗಳು ಐದನೆಯ ತರಗತಿವರೆಗೆ ಅಲ್ಲೇ ಕಲಿತವಳು. ಮೂರು ಕೋಣೆ, ಮುಂದೆ ಪಡಸಾಲೆ, ನೆಲಕ್ಕೆ ಶಹಾಬಾದ್ ಕಲ್ಲು. ಆರು ತಿಂಗಳಲ್ಲೇ ಆ ಪಡಸಾಲೆಯಲ್ಲಿ ಇಸ್ಪೀಟು ಶುರುವಾಯಿತು. ನೋಡಿ ಹೊಟ್ಟೆ ಉರಿಯಿತು.

ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿ, ಏನು ಮಾಡೋಣ ಅಂತ ಕೇಳಿದೆ. ಹಾಗೆ ಕೇಳಿದ್ದೇ ತಪ್ಪಾಯಿತು. ಒಬ್ಬರು ಕಲ್ಯಾಣ ಮಂಟಪ ಅಂದರು, ಇನ್ನೊಬ್ಬರು ಬಾಡಿಗೆ ಮಳಿಗೆ ಅಂದರು. "ಗೋಡೆ ಬಿರುಕು ಬಿಟ್ಟಾವ, ಕೆಡವಿ ಬಿಡ್ರಿ ಅಕ್ಕಾ" ಅಂದವರೇ ಜಾಸ್ತಿ. ಹೆಣ್ಣುಮಕ್ಕಳು ಹಿಂದೆ ನಿಂತು ಸುಮ್ನೆ ಕೇಳಿಸಿಕೊಂಡರು.

ಆಮೇಲೆ ಕಾಗದಪತ್ರಕ್ಕೆ ಕೈ ಹಾಕಿದೆ. ಜಾಗವನ್ನು ಓಣಿಯ ಹಿರಿಯರೊಬ್ಬರು ದಾನ ಕೊಟ್ಟಿದ್ದರು ಅಂತ ಎಲ್ಲರೂ ಹೇಳುತ್ತಿದ್ದರು, ಪತ್ರ ಮಾತ್ರ ಯಾರೂ ಕಂಡಿರಲಿಲ್ಲ. ಎರಡು ತಿಂಗಳು ಕೊಪ್ಪಳ ಜಿಲ್ಲೆಯ ಕಡತಗಳಲ್ಲೇ ಹುಡುಕಿದೆವು. ಕೊಪ್ಪಳ ಜಿಲ್ಲೆಯಾಗಿದ್ದೇ 1997ರಲ್ಲಿ. ನಮ್ಮ ಶಾಲೆ ಅದಕ್ಕಿಂತ ಹಳೆಯದು. ಪತ್ರ ಸಿಕ್ಕಿದ್ದು "ರಾಯಚೂರು ಜಿಲ್ಲೆ, ಗಂಗಾವತಿ ತಾಲ್ಲೂಕು" ಎಂದು ಬರೆದ ಹಳೇ ಕಟ್ಟಿನಲ್ಲಿ. ಮಕ್ಕಳ ವಿದ್ಯೆಗಾಗಿ ಮಾತ್ರ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಮಳಿಗೆಯ ಮಾತು ಅಲ್ಲಿಗೇ ನಿಂತಿತು.

ಇನ್ನು ಬಿರುಕು. ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಜೊತೆ ಗೋಡೆಯೂ ಅಲುಗುತ್ತದೆ. ಆದರೆ ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ? ನಿವೃತ್ತ ಇಂಜಿನಿಯರ್ ಒಬ್ಬರು ದಾರಿ ತೋರಿಸಿದರು. ಪ್ರತಿ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಚೂರು ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆದೆವು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಜೂನ್‌ನಲ್ಲಿ ಅಂಟಿಸಿದ್ದು, ಮಳೆಗಾಲ ಕಳೆದು ಮುಂದಿನ ಬೇಸಿಗೆ ಮುಗಿಯುವವರೆಗೂ ಕಾದೆವು. ಎರಡು ಕೋಣೆಯ ಗಾಜು ಹಾಗೇ ಇತ್ತು. ಮೂರನೆಯದರಲ್ಲಿ ಮಾತ್ರ ನಡುವೆ ಒಡೆದಿತ್ತು. ಹೊರಗೆ ಹೋಗಿ ನೋಡಿದರೆ ಮಾಳಿಗೆ ನೀರೆಲ್ಲ ಅದೇ ಗೋಡೆಯ ಬುಡಕ್ಕೆ ಬಿದ್ದು ನಿಲ್ಲುತ್ತಿತ್ತು.

ಕಾಯುತ್ತಿದ್ದ ಆ ತಿಂಗಳುಗಳಲ್ಲಿ ನಾವು ನಾಲ್ಕು ಹೆಂಗಸರು ಮನೆಮನೆಗೆ ಹೋದೆವು. ಈ ಸಲ ಕೇಳಿದ್ದು ಒಂದೇ: "ನಿಮ್ಮ ಮನ್ಯಾಗ ಯಾರಿಗೆ, ಯಾವ ಹೊತ್ತಿಗೆ ಕೂಡೋಕೆ ಜಾಗ ಬೇಕ್ರಿ?" ಗುಡಿ ಕಟ್ಟೆಯಲ್ಲಿ ಬಾಯಿ ಬಿಡದವರು ಹೊಸ್ತಿಲಲ್ಲಿ ಕೂತು ಅರ್ಧ ಗಂಟೆ ಮಾತಾಡಿದರು. ಅಂಗನವಾಡಿ ನಡೆಯುತ್ತಿದ್ದುದು ಬಾಡಿಗೆಯ ತಗಡಿನ ಕೋಣೆಯಲ್ಲಿ, ಬೇಸಿಗೆಯಲ್ಲಿ ಮಕ್ಕಳು ಬೆಂದು ಹೋಗುತ್ತಿದ್ದರು. ಭತ್ತದ ನಾಟಿಗೆ ಹೋಗುವ ಒಬ್ಬ ತಾಯಿ, "ಒಂದೇ ಕೋಲಿ ಮನಿ. ಟಿವಿ ಹಚ್ಚಿದ್ರ ಮಗ ಹೊರಗ ಬೀದಿ ದೀಪದ ಕೆಳಗ ಓದ್ತಾನ" ಅಂದಳು. ಅವನು ಹತ್ತನೆಯ ತರಗತಿ. ನನಗೆ ಅಲ್ಲಿಗೆ ಉತ್ತರ ಸಿಕ್ಕಿತ್ತು.

ಅರ್ಜಿಯಲ್ಲಿ ಕಟ್ಟಡವನ್ನು ನಮಗೆ ಕೊಡಿ ಅಂತ ಬರೆಯಲಿಲ್ಲ. ಕಟ್ಟಡ ಶಿಕ್ಷಣ ಇಲಾಖೆಯ ಹೆಸರಿನಲ್ಲೇ ಇರಲಿ, ಹಗಲು ಅಂಗನವಾಡಿಗೆ, ಸಂಜೆ ಓದುವ ಮಕ್ಕಳಿಗೆ ಬಿಟ್ಟುಕೊಡಿ ಅಂತ ಕೇಳಿದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಮಾಡಿದ ನಿಯಮಗಳ ಪ್ರಕಾರ ಐದನೆಯ ತರಗತಿವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ನಾಳೆ ಓಣಿಯಲ್ಲಿ ಮಕ್ಕಳು ಹೆಚ್ಚಿದರೆ ಮತ್ತೆ ಶಾಲೆ ಬೇಕಾಗುತ್ತದೆ, ಅಲ್ವಾ? ಕೆಡವಿದರೆ ಎಲ್ಲಿಂದ ತರೋದು? ಒಪ್ಪಿಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಓಡಾಟದ ಕಥೆ ಬೇಡ.

ಈಗ ಎರಡು ಕೋಣೆ ತೆರೆದಿವೆ. ಮೂರನೆಯದಕ್ಕೆ ಇನ್ನೂ ಬೀಗವೇ. ಮಾಳಿಗೆ ನೀರಿಗೆ ಪೈಪ್ ಹಾಕಿ ದೂರದ ಚರಂಡಿಗೆ ಬಿಟ್ಟಿದ್ದೇವೆ, ಗೋಡೆಯ ಬುಡಕ್ಕೆ ಇಳಿಜಾರಾಗಿ ಕಲ್ಲು ಹಾಸಿದ್ದೇವೆ. ಆ ಬಿರುಕಿನ ಮೇಲೆ ಈ ಜೂನ್‌ನಲ್ಲಿ ಹೊಸ ಗಾಜು ಅಂಟಿಸಿದ್ದೇವೆ.